ಅರ್ಧ ಗಂಟೆಯ ಮಾತಿಗೆ ಆರೂವರೆ ವರ್ಷ: ಅಮೆರಿಕದ ವೃದ್ಧಾಪ್ಯ ನೀತಿಯ ಒಂದು ಪ್ರಕರಣ

ಅಮೆರಿಕದಲ್ಲಿ ಮುಖ್ಯವಾಗಿ 65 ದಾಟಿದವರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ವಿಮೆಯಲ್ಲಿ 99497 ಎಂಬ ಬಿಲ್ಲಿಂಗ್ ಕೋಡ್ ಇದೆ. ರೋಗಿ ಮುಂದೊಂದು ದಿನ ಮಾತಾಡಲಾಗದ ಸ್ಥಿತಿಗೆ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ಅವರ ಪರವಾಗಿ ತೀರ್ಮಾನಿಸುವವರು ಯಾರು ಎಂದು ವೈದ್ಯರು ಎದುರು ಕೂತು ಮಾತಾಡಿದರೆ, ಮೊದಲ ಅರ್ಧ ಗಂಟೆಗೆ ಈ ಕೋಡ್ ಹಾಕಿ ಬಿಲ್ ಕಳಿಸಬಹುದು. 2016ರ ಜನವರಿ 1ರಂದು ಜಾರಿಗೆ ಬಂದಾಗ ಕ್ಲಿನಿಕ್ಕಿನಲ್ಲಿ ಇದಕ್ಕೆ ಸಿಗುತ್ತಿದ್ದುದು ಸುಮಾರು 86 ಡಾಲರ್. ಮಾತು ಇನ್ನೂ ಅರ್ಧ ಗಂಟೆ ಮುಂದುವರಿದರೆ 99498, ಸುಮಾರು 75 ಡಾಲರ್.

ಸರ್ಕಾರಿ ಶುಲ್ಕಪಟ್ಟಿಯಲ್ಲಿ ಎರಡು ಸಾಲು, ಅಷ್ಟೇ. ಯಾರಿಗೂ ಕಡ್ಡಾಯವಲ್ಲ, ಯಾವ ಚಿಕಿತ್ಸೆಯನ್ನೂ ಕಡಿತ ಮಾಡುವುದಿಲ್ಲ. ಆದರೂ ಈ ಪ್ರಸ್ತಾವ 2009ರ ಬೇಸಿಗೆಯಲ್ಲಿ ದೇಶಕ್ಕೆ ದೇಶವನ್ನೇ ಕೆರಳಿಸಿ ಸೆನೆಟ್ಟಿನ ಮಸೂದೆಯಿಂದ ಹೊರಬಿತ್ತು. 2010ರ ಕೊನೆಗೆ ಹಿಂಬಾಗಿಲಿನಿಂದ ಒಳಗೆ ಬಂದು, ಹೊಸ ವರ್ಷದ ಮೊದಲ ವಾರದಲ್ಲೇ ಮತ್ತೆ ಹೊರಹೋಯಿತು. 2015ರಲ್ಲಿ ಹೆಚ್ಚು ಸದ್ದಿಲ್ಲದೆ ಅಂಗೀಕಾರವಾಯಿತು. ಈ ಅವಧಿಯಲ್ಲಿ ಪ್ರಸ್ತಾವದ ತಿರುಳು ಬಹುಪಾಲು ಹಾಗೇ ಇತ್ತು. ಅದು ಹಿಡಿದ ದಾರಿ ಮಾತ್ರ ಬೇರೆಯಾಯಿತು. ವೈದ್ಯರು, ನರ್ಸ್‌ಗಳು, ಸಮಾಜ ಕಾರ್ಯಕರ್ತರನ್ನು ಒಂದು ವರ್ಷ ವಾಷಿಂಗ್ಟನ್ನಿನಲ್ಲಿ ಕೂರಿಸಿ ನೀತಿ ರೂಪಿಸುವುದನ್ನು ಕಲಿಸುವ ಫೆಲೋಶಿಪ್‌ಗಳು ಯಾಕೆ ಬೇಕು ಎಂದು ಕೇಳುವವರಿಗೆ ನಾನು ತೋರಿಸುವುದು ಈ ಪ್ರಕರಣವನ್ನೇ. ಆ ಫೆಲೋಶಿಪ್‌ಗಳಿಂದ ಏನನ್ನು ನಿರೀಕ್ಷಿಸಬಾರದು ಎಂಬುದೂ ಇದರಲ್ಲೇ ಇದೆ.

ಫೆಲೋಗಳು ಯಾರು, ಅಲ್ಲಿ ಏನು ಮಾಡುತ್ತಾರೆ

ವೃತ್ತಿಯ ಮಧ್ಯದಲ್ಲಿರುವ ತಜ್ಞರನ್ನು ಅಮೆರಿಕದ ಸಂಸತ್ತಿಗೆ, ಅಂದರೆ ಕಾಂಗ್ರೆಸ್ಸಿಗೆ, ಕಳಿಸುವ ಪದ್ಧತಿ ಹಳೆಯದು. ಅಮೆರಿಕನ್ ರಾಜ್ಯಶಾಸ್ತ್ರ ಸಂಘದ ಕಾಂಗ್ರೆಸ್ಸಿನ ಫೆಲೋಶಿಪ್ 1953ರಲ್ಲಿ ಶುರುವಾಯಿತು. ಆರೋಗ್ಯ ಕ್ಷೇತ್ರಕ್ಕೇ ಮೀಸಲಾದ ರಾಬರ್ಟ್ ವುಡ್ ಜಾನ್ಸನ್ ಆರೋಗ್ಯ ನೀತಿ ಫೆಲೋಶಿಪ್ ಆರಂಭವಾದದ್ದು 1973ರಲ್ಲಿ. ವೃದ್ಧಾಪ್ಯವನ್ನೇ ಕೇಂದ್ರವಾಗಿಟ್ಟುಕೊಂಡ ‘ಹೆಲ್ತ್ ಆ್ಯಂಡ್ ಏಜಿಂಗ್ ಪಾಲಿಸಿ ಫೆಲೋಸ್’ ಇವೆರಡಕ್ಕಿಂತ ಬಹಳ ಕಿರಿಯದು. ಕೊಲಂಬಿಯಾ ವಿಶ್ವವಿದ್ಯಾಲಯ ಇದನ್ನು ನಡೆಸುತ್ತದೆ, ರಾಜ್ಯಶಾಸ್ತ್ರ ಸಂಘದ ಕೈಜೋಡಣೆಯಿದೆ. ಮೊದಲ ಹಣ ಬಂದದ್ದು ಅಟ್ಲಾಂಟಿಕ್ ಫಿಲಾಂಥ್ರೊಪೀಸ್‌ನಿಂದ. ಡ್ಯೂಟಿ ಫ್ರೀ ಅಂಗಡಿಗಳಲ್ಲಿ ಗಳಿಸಿದ ಸಂಪತ್ತನ್ನು ಬದುಕಿದ್ದಾಗಲೇ ಪೂರ್ತಿ ಕೊಟ್ಟು ಮುಗಿಸುತ್ತೇನೆಂದು ಹೊರಟು, ಹಾಗೇ ಕೊಟ್ಟು ಮುಗಿಸಿದ ಚಕ್ ಫೀನಿಯವರ ಪ್ರತಿಷ್ಠಾನ ಅದು. 2020ರಲ್ಲಿ ಬಾಗಿಲು ಮುಚ್ಚಿತು. ಆಮೇಲಿನ ಹೊಣೆ ಹೊತ್ತವರಲ್ಲಿ ಜಾನ್ ಎ. ಹಾರ್ಟ್‌ಫರ್ಡ್ ಪ್ರತಿಷ್ಠಾನ ಮುಖ್ಯವಾದದ್ದು.

ಈ ಕಾರ್ಯಕ್ರಮದಲ್ಲಿ ಎರಡು ಬಗೆ. ಕೆಲವರು ಇಡೀ ವರ್ಷ ವಾಷಿಂಗ್ಟನ್ನಿನಲ್ಲೇ ಇದ್ದು ಸೆನೆಟರ್ ಕಚೇರಿ, ಸಂಸದೀಯ ಸಮಿತಿ ಅಥವಾ ಇಲಾಖೆಯೊಂದರಲ್ಲಿ ಕೆಲಸ ಮಾಡುತ್ತಾರೆ. ಉಳಿದವರು ತಮ್ಮ ಊರಿನ ಕೆಲಸ ಬಿಡದೆ, ನೀತಿಗೆ ಸಂಬಂಧಿಸಿದ ಒಂದು ಯೋಜನೆ ಕೈಗೆತ್ತಿಕೊಂಡು ಆಗಾಗ ವಾಷಿಂಗ್ಟನ್ನಿಗೆ ಬಂದು ಹೋಗುತ್ತಾರೆ. ಕಚೇರಿಯನ್ನು ಯಾರೂ ಹಂಚಿಕೊಡುವುದಿಲ್ಲ. ಮೊದಲ ತಿಂಗಳುಗಳ ತರಬೇತಿ ಮುಗಿದ ಮೇಲೆ ಫೆಲೋ ತಾನೇ ಕಚೇರಿ ಕಚೇರಿ ಸುತ್ತಿ ಸಂದರ್ಶನ ಕೊಟ್ಟು ಜಾಗ ಹುಡುಕಿಕೊಳ್ಳಬೇಕು. ಇಪ್ಪತ್ತು ವರ್ಷ ವಿಭಾಗದ ಮುಖ್ಯಸ್ಥರಾಗಿದ್ದವರು ಇಪ್ಪತ್ತಾರರ ಹರೆಯದ ಶಾಸಕಾಂಗ ಸಹಾಯಕರ ಮುಂದೆ ಕೂತು ‘ನನ್ನಿಂದ ನಿಮಗೇನು ಉಪಯೋಗ’ ಎಂದು ವಿವರಿಸಬೇಕಾಗುತ್ತದೆ. ತರಬೇತಿಯ ಮೊದಲ ಪಾಠ ಅಲ್ಲೇ ಶುರುವಾಗುತ್ತದೆ ಎನ್ನಬೇಕು.

ಯಾಕೆ ಬೇಕಾಯಿತು ಇದು? 2008ರ ಏಪ್ರಿಲ್‌ನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಎಂಬ ಸ್ವತಂತ್ರ ಸಲಹಾ ಸಂಸ್ಥೆ ಒಂದು ವರದಿ ಕೊಟ್ಟಿತು. 1946ರಿಂದ ಹುಟ್ಟಿದ ದೊಡ್ಡ ತಲೆಮಾರು 2011ರಿಂದ 65 ದಾಟಲಿದೆ, ಅವರನ್ನು ನೋಡಿಕೊಳ್ಳಲು ಬೇಕಾದ ವೃದ್ಧಾರೋಗ್ಯ ತಜ್ಞರು, ನರ್ಸ್‌ಗಳು, ಮನೆ ಸಹಾಯಕರು ದೇಶದಲ್ಲಿಲ್ಲ ಎಂಬುದು ಅದರ ಸಾರ. ಆಸ್ಪತ್ರೆಯ ಒಳಗೆ ಕೂತವರಿಗೆ ಇದು ಮೊದಲೇ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು, ಇದನ್ನು ಯಾರ ಮೇಜಿನ ಮೇಲೆ, ಯಾವ ತಿಂಗಳಲ್ಲಿ, ಎಷ್ಟು ಪುಟದಲ್ಲಿ ಇಡಬೇಕು ಎಂಬುದು.

ಮೊದಲಿನ ಕಥೆ

ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮೊದಲೇ ಮಾತಾಡಿಕೊಳ್ಳಬೇಕು ಎಂಬ ವಿಚಾರ 2009ರಲ್ಲಿ ಹೊಸದಾಗಿರಲಿಲ್ಲ. ಮಿಸೌರಿಯ ನ್ಯಾನ್ಸಿ ಕ್ರೂಜನ್ ಪ್ರಕರಣದಲ್ಲಿ 1990ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಪ್ರಜ್ಞೆ ಇಲ್ಲದ ವ್ಯಕ್ತಿಯ ಇಚ್ಛೆ ಏನಿತ್ತು ಎಂಬುದಕ್ಕೆ ಸ್ಪಷ್ಟ ಪುರಾವೆ ಬೇಕೆಂದು ರಾಜ್ಯ ಕೇಳಬಹುದು ಎಂದು ಕೋರ್ಟ್ ಹೇಳಿತು. ಅದೇ ವರ್ಷ ಕಾಂಗ್ರೆಸ್ ರೋಗಿಯ ಸ್ವನಿರ್ಧಾರದ ಕಾನೂನು ಮಾಡಿತು. ಆಸ್ಪತ್ರೆಗೆ ದಾಖಲಾಗುವವರಿಗೆ ಮುಂಗಡ ಇಚ್ಛಾಪತ್ರದ (ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರ) ಹಕ್ಕಿನ ಬಗ್ಗೆ ತಿಳಿಸಬೇಕು, ಅಂಥ ಪತ್ರ ಇದೆಯೇ ಎಂದು ಕೇಳಬೇಕು ಎಂಬುದು ನಿಯಮವಾಯಿತು. ಕೇಳುವುದು ಗುಮಾಸ್ತರ ಕೆಲಸವಾಯಿತು, ಪೆಟ್ಟಿಗೆಯಲ್ಲಿ ಟಿಕ್ ಬಿತ್ತು. ವೈದ್ಯರು ಕೂತು ಮಾತಾಡಲು ಸಮಯವೂ ಇರಲಿಲ್ಲ, ಅದಕ್ಕೆ ಹಣವೂ ಇರಲಿಲ್ಲ.

ಒಂದು ಊರು ಮಾತ್ರ ಬೇರೆ ದಾರಿ ಹಿಡಿದಿತ್ತು. ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್‌ನಲ್ಲಿ ಗುಂಡರ್‌ಸನ್ ಆಸ್ಪತ್ರೆ ಮತ್ತು ಊರಿನ ಇತರ ಸಂಸ್ಥೆಗಳು ತೊಂಬತ್ತರ ದಶಕದ ಆರಂಭದಿಂದ ತರಬೇತಾದ ಸಹಾಯಕರನ್ನು ಇಟ್ಟು ಈ ಮಾತುಕತೆಯನ್ನು ಸಾಮಾನ್ಯ ಸಂಗತಿಯನ್ನಾಗಿ ಮಾಡಿದವು. 1998ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ತೀರಿಕೊಂಡ ವಯಸ್ಕರಲ್ಲಿ ಶೇ. 85ರಷ್ಟು ಜನರ ಇಚ್ಛಾಪತ್ರ ದಾಖಲಾಗಿತ್ತು. ಆದರೆ ಇದರ ಖರ್ಚನ್ನು ಆಸ್ಪತ್ರೆಯೇ ಹೊತ್ತುಕೊಳ್ಳಬೇಕಿತ್ತು. ಮೆಡಿಕೇರ್ ಇದಕ್ಕೆ ಹಣ ಕೊಡಲಿ ಎಂಬ ಬೇಡಿಕೆ ಒರೆಗಾನ್‌ನ ಡೆಮಾಕ್ರಟಿಕ್ ಸದಸ್ಯ ಅರ್ಲ್ ಬ್ಲೂಮೆನಾವರ್ ಅವರ ಮೂಲಕ ಕೆಳಮನೆಗೆ ಬಂತು. 2009ರ ಆರೋಗ್ಯ ಸುಧಾರಣಾ ಮಸೂದೆ, ಎಚ್.ಆರ್. 3200ರಲ್ಲಿ 1233ನೇ ಸೆಕ್ಷನ್ ಆಗಿ ಸೇರಿತು: ಐದು ವರ್ಷಕ್ಕೊಮ್ಮೆ ಇಂಥ ಸಮಾಲೋಚನೆ ನಡೆಸಿದರೆ ಮೆಡಿಕೇರ್ ಶುಲ್ಕ ಕೊಡುತ್ತದೆ.

ಇಲ್ಲೊಂದು ತಮಾಷೆಯ ಸಂಗತಿ. ಅದಕ್ಕೆ ಒಂದೇ ವರ್ಷ ಮೊದಲು, 2008ರ ಜುಲೈನಲ್ಲಿ, ಅಧ್ಯಕ್ಷ ಬುಷ್ ಅವರ ವೀಟೋವನ್ನು ಮೀರಿ ಕಾಂಗ್ರೆಸ್ ಒಂದು ಮೆಡಿಕೇರ್ ಕಾನೂನು ಮಾಡಿತ್ತು. ಹೊಸದಾಗಿ ಮೆಡಿಕೇರ್ ಸೇರಿದವರ ಮೊದಲ ತಪಾಸಣೆಯಲ್ಲಿ, ರೋಗಿ ಒಪ್ಪಿದರೆ, ಕೊನೆಗಾಲದ ಯೋಜನೆಯ ಮಾತೂ ಸೇರಬಹುದು ಎಂದು ಅದರಲ್ಲಿತ್ತು. ಯಾರೂ ಬೀದಿಗಿಳಿಯಲಿಲ್ಲ. ವೈದ್ಯರ ಶುಲ್ಕ ಕಡಿತ ತಡೆಯುವ ದೊಡ್ಡ ಜಗಳದ ನಡುವೆ ಆ ಸಾಲು ಯಾರ ಕಣ್ಣಿಗೂ ಬೀಳಲಿಲ್ಲ.

2009ರ ಬೇಸಿಗೆ

ಜುಲೈ 16ರಂದು ನ್ಯೂಯಾರ್ಕ್‌ನ ಮಾಜಿ ಉಪ ರಾಜ್ಯಪಾಲೆ ಬೆಟ್ಸಿ ಮೆಕಾಹಿ ರೇಡಿಯೊ ಕಾರ್ಯಕ್ರಮವೊಂದರಲ್ಲಿ ಈ ಸೆಕ್ಷನ್ ಎತ್ತಿದರು. ವೃದ್ಧರಿಗೆ ಐದು ವರ್ಷಕ್ಕೊಮ್ಮೆ ಇದು ಕಡ್ಡಾಯ, ಬೇಗ ಸಾಯುವುದು ಹೇಗೆಂದು ಹೇಳಿಕೊಡುತ್ತಾರೆ ಎಂಬ ಅರ್ಥದ ಮಾತಾಡಿದರು. ಮಸೂದೆಯಲ್ಲಿ ಹಾಗೆ ಇರಲಿಲ್ಲ. ಆಗಸ್ಟ್ 7ರಂದು ಅಲಾಸ್ಕಾದ ರಾಜ್ಯಪಾಲ ಹುದ್ದೆಯಿಂದ ಆಗಷ್ಟೇ ಇಳಿದಿದ್ದ ಸಾರಾ ಪೇಲಿನ್ ಫೇಸ್‌ಬುಕ್ಕಿನಲ್ಲಿ ‘ಡೆತ್ ಪ್ಯಾನೆಲ್’ ಎಂದು ಬರೆದರು. ಯಾರು ಬದುಕಬೇಕು, ಯಾರು ಸಾಯಬೇಕೆಂದು ಅಧಿಕಾರಿಗಳ ಮಂಡಳಿಯೊಂದು ತೀರ್ಮಾನಿಸುತ್ತದೆ ಎಂಬ ಚಿತ್ರ ಅದು. ಆ ತಿಂಗಳ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ ಶೇ. 86 ಜನ ಈ ಸುದ್ದಿ ಕೇಳಿದ್ದರು, ಕೇಳಿದವರಲ್ಲಿ ಶೇ. 30 ಜನ ನಿಜವೆಂದು ನಂಬಿದ್ದರು.

ಜಾರ್ಜಿಯಾದ ರಿಪಬ್ಲಿಕನ್ ಸೆನೆಟರ್ ಜಾನಿ ಐಸಾಕ್ಸನ್ ಈ ಮಾತುಕತೆಯ ಪರವಾಗಿದ್ದವರು, ಪೇಲಿನ್ ವ್ಯಾಖ್ಯಾನ ಹುಚ್ಚುತನದ್ದು ಎಂದರು. ಆದರೆ ಅವರದೇ ಪಕ್ಷದ ಚಕ್ ಗ್ರಾಸ್ಲಿ ಅಯೋವಾದ ಸಭೆಯಲ್ಲಿ, ಅಜ್ಜಿಯ ಜೀವರಕ್ಷಕ ಯಂತ್ರದ ಪ್ಲಗ್ ಕೀಳಬೇಕೋ ಬೇಡವೋ ಎಂದು ಸರ್ಕಾರದ ಯೋಜನೆ ನಿರ್ಧರಿಸಬಾರದು ಎಂದುಬಿಟ್ಟರು. ಮಾತಾಡಿದ ಮನುಷ್ಯ ಯಾರೋ ಮೂಲೆಯ ಸದಸ್ಯನಲ್ಲ: ಮೆಡಿಕೇರ್ ಕಾನೂನು ಹುಟ್ಟುವ ಸೆನೆಟ್ ಫೈನಾನ್ಸ್ ಸಮಿತಿಯಲ್ಲಿ ವಿರೋಧ ಪಕ್ಷದ ಹಿರಿಯ. ಮರುದಿನವೇ ಆ ಸಮಿತಿ ಈ ವಿಷಯವನ್ನು ಕೈಬಿಟ್ಟಿದೆ ಎಂಬ ಸುದ್ದಿ ಹೊರಬಂತು. ಸೆಪ್ಟೆಂಬರ್ 9ರಂದು ಒಬಾಮಾ ಜಂಟಿ ಅಧಿವೇಶನದಲ್ಲಿ ಇದು ಶುದ್ಧ ಸುಳ್ಳು ಎಂದು ಹೇಳಿದರು. ಅಷ್ಟರಲ್ಲಿ ಕಾಲ ಮಿಂಚಿತ್ತು. ನವೆಂಬರ್‌ನಲ್ಲಿ ಕೆಳಮನೆ ಅಂಗೀಕರಿಸಿದ ಮಸೂದೆಯಲ್ಲಿ ಸೆಕ್ಷನ್ ಉಳಿದಿತ್ತು; ಆದರೆ 2010ರ ಮಾರ್ಚ್ 23ರಂದು ಕಾನೂನಾದದ್ದು ಸೆನೆಟ್ಟಿನ ಪಠ್ಯ. ಅದರಲ್ಲಿ 1233 ಇರಲಿಲ್ಲ.

ಇದನ್ನು ಕೇವಲ ಸುಳ್ಳು ಪ್ರಚಾರದ ಗೆಲುವು ಎಂದು ಬರೆದು ಮುಗಿಸುವವರು ಬಹಳ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಆ ವರ್ಷವಿಡೀ ಸುಧಾರಣೆಯನ್ನು ಮಾರಿದ್ದು ಆರೋಗ್ಯದ ಖರ್ಚು ಇಳಿಸುತ್ತೇವೆ ಎಂದು. ವಸಂತದಲ್ಲಿ ಒಬಾಮಾ ಸ್ವತಃ ಪತ್ರಿಕಾ ಸಂದರ್ಶನದಲ್ಲಿ ಕ್ಯಾನ್ಸರ್ ಇದ್ದ ತಮ್ಮ ಅಜ್ಜಿಗೆ ಆದ ಸೊಂಟದ ಶಸ್ತ್ರಚಿಕಿತ್ಸೆಯನ್ನು ನೆನೆದು, ಕೊನೆಗಾಲದ ಖರ್ಚಿನ ಬಗ್ಗೆ ದೇಶ ಕಷ್ಟದ ಮಾತುಕತೆ ಮಾಡಬೇಕಿದೆ ಎಂಬರ್ಥದಲ್ಲಿ ಮಾತಾಡಿದ್ದರು. ಖರ್ಚು ಇಳಿಸುವ ಮಸೂದೆಯ ಹೊಟ್ಟೆಯಲ್ಲಿ ಸಾವಿನ ಬಗ್ಗೆ ಮಾತಾಡುವ ಸೆಕ್ಷನ್ ಇಟ್ಟರೆ, ಎಂಬತ್ತು ವರ್ಷದವರಿಗೆ ಅನುಮಾನ ಬಂದದ್ದು ಮೂರ್ಖತನವಲ್ಲ. ಪೇಲಿನ್ ಬೆಂಕಿ ಹಚ್ಚಿದರು, ಒಣ ಸೌದೆ ಮೊದಲೇ ಒಟ್ಟಿತ್ತು. ಹಾಸಿಗೆಯ ಪಕ್ಕದಲ್ಲಿ ಈ ಮಾತಾಡಿ ಅನುಭವವಿದ್ದ ಯಾರೇ ಆದರೂ ಹಣ ಮತ್ತು ಸಾವನ್ನು ಒಂದೇ ಉಸಿರಿನಲ್ಲಿ ಹೇಳುತ್ತಿರಲಿಲ್ಲ.

ಸಮಿತಿಯ ಕೋಣೆಯಲ್ಲಿ ಒಬ್ಬ ಫೆಲೋ

ಆ 2009–10ರ ಸಾಲಿನ ಫೆಲೋಗಳಲ್ಲಿ ಡಯೇನ್ ಮಯರ್ ಒಬ್ಬರು. ನ್ಯೂಯಾರ್ಕ್‌ನ ಮೌಂಟ್ ಸೈನಾಯ್‌ನಲ್ಲಿ ವೃದ್ಧಾರೋಗ್ಯ ತಜ್ಞೆ, ಗಂಭೀರ ಕಾಯಿಲೆಯವರ ನೋವು, ನರಳಾಟ ತಗ್ಗಿಸುವ ಉಪಶಮನ ಆರೈಕೆಯನ್ನು ಅಮೆರಿಕದ ಆಸ್ಪತ್ರೆಗಳಿಗೆ ತಂದವರಲ್ಲಿ ಮುಂಚೂಣಿಯವರು, 1999ರಲ್ಲಿ ಅದಕ್ಕಾಗಿಯೇ ರಾಷ್ಟ್ರೀಯ ಕೇಂದ್ರವೊಂದನ್ನು ಕಟ್ಟಿದವರು. 2008ರಲ್ಲಿ ಮ್ಯಾಕಾರ್ಥರ್ ಫೆಲೋಶಿಪ್ ಬಂದಿತ್ತು. ಅಷ್ಟೆಲ್ಲ ಆದ ಮೇಲೆ ವಾಷಿಂಗ್ಟನ್ನಿಗೆ ಬಂದು, ಸೆನೆಟ್ಟಿನ ಆರೋಗ್ಯ, ಶಿಕ್ಷಣ, ಕಾರ್ಮಿಕ ಮತ್ತು ಪಿಂಚಣಿ ಸಮಿತಿಯಲ್ಲಿ, ನಂತರ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿದರು. ಈ ಪ್ರಕರಣದ ಗೆಲುವನ್ನಾಗಲಿ ಸೋಲನ್ನಾಗಲಿ ಅವರ ಖಾತೆಗೆ ಹಾಕಲು ನಾನು ಹೊರಟಿಲ್ಲ. ಅವರು ಕೂತ ಜಾಗವನ್ನು ಮಾತ್ರ ಗಮನಿಸಿ.

ಆ ಸಮಿತಿಯ ಕೈಯಲ್ಲಿ ಸಾರ್ವಜನಿಕ ಆರೋಗ್ಯ ಸೇವಾ ಕಾನೂನು ಇದೆ, ವೈದ್ಯಕೀಯ ಶಿಕ್ಷಣದ ಅನುದಾನಗಳಿವೆ, ಸಂಶೋಧನೆ ಇದೆ. ಮೆಡಿಕೇರ್ ಇಲ್ಲ. ಸೆನೆಟ್ಟಿನಲ್ಲಿ ಮೆಡಿಕೇರ್ ಫೈನಾನ್ಸ್ ಸಮಿತಿಯ ಸೊತ್ತು; ಕೆಳಮನೆಯಲ್ಲಿ ವೇಸ್ ಆ್ಯಂಡ್ ಮೀನ್ಸ್ ಮತ್ತು ಎನರ್ಜಿ ಆ್ಯಂಡ್ ಕಾಮರ್ಸ್ ಸಮಿತಿಗಳು ಹಂಚಿಕೊಂಡಿವೆ. ವೃದ್ಧಾಪ್ಯದ ಹೆಸರನ್ನೇ ಹೊತ್ತ ಸೆನೆಟ್ಟಿನ ವಿಶೇಷ ಸಮಿತಿಯೂ ಒಂದಿದೆ. ವಿಚಾರಣೆ ನಡೆಸಬಹುದು, ವರದಿ ಕೊಡಬಹುದು. ಮಸೂದೆ ಮಂಡಿಸುವ ಅಧಿಕಾರ ಅದಕ್ಕಿಲ್ಲ. ವೃದ್ಧರ ಬಗ್ಗೆ ಕಾಳಜಿ ಇರುವ ಹೊಸಬರು ಮೊದಲು ಹೋಗಿ ಬಾಗಿಲು ತಟ್ಟುವುದು ಅಲ್ಲೇ. ಯಾವ ಕೆಲಸ ಯಾವ ಕೋಣೆಯದು ಎಂಬ ಈ ನಕ್ಷೆ ಯಾವ ವೈದ್ಯಕೀಯ ಪಠ್ಯದಲ್ಲೂ ಇಲ್ಲ. ಪುಸ್ತಕ ಓದಿ ತಿಳಿಯಬಹುದು, ನಿಜ. ಆದರೆ ಒಂದು ವರ್ಷ ಒಳಗಿದ್ದವರಿಗೆ ಮಾತ್ರ, ಕೋಣೆ ಸರಿಯಿದ್ದರೂ ಸಿಬ್ಬಂದಿಗೆ ಈಗ ಬಿಡುವಿಲ್ಲ, ಜನವರಿ ತನಕ ಕಾಯಬೇಕು ಎಂಬುದು ಅರ್ಥವಾಗುತ್ತದೆ.

ಇನ್ನೊಂದು ವಿಷಯ 2010ರ ಆ ಆರೋಗ್ಯ ಸುಧಾರಣಾ ಕಾನೂನಿನಲ್ಲಿದೆ. ಮಾರಣಾಂತಿಕ ಕಾಯಿಲೆಯ ಮಕ್ಕಳು ರೋಗ ಗುಣಪಡಿಸುವ ಚಿಕಿತ್ಸೆ ಬಿಡದೆಯೇ ಹಾಸ್ಪಿಸ್ ಸೇವೆಯನ್ನೂ (ಸಾವಿನಂಚಿನಲ್ಲಿರುವವರ ನೋವು ತಗ್ಗಿಸುವ ಆರೈಕೆ) ಪಡೆಯಬಹುದು ಎಂದು ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ನಿಯಮವನ್ನು ಬದಲಿಸಿದ 2302ನೇ ಸೆಕ್ಷನ್. ಇದೂ ಕೊನೆಗಾಲದ ಆರೈಕೆಯೇ. ಆದರೆ ಇಲ್ಲಿ ರೋಗಿಗೆ ಏನೋ ಹೆಚ್ಚುವರಿಯಾಗಿ ಸಿಗುತ್ತಿತ್ತು, ಕಡಿತದ ನೆರಳು ಎಲ್ಲೂ ಇರಲಿಲ್ಲ. ಹಾಗಾಗಿ ಒಂದು ಧ್ವನಿಯೂ ಏಳಲಿಲ್ಲ.

ಹಿಂಬಾಗಿಲು

ಹೊಸ ಕಾನೂನು ಮೆಡಿಕೇರ್‌ನಲ್ಲಿ ವಾರ್ಷಿಕ ಆರೋಗ್ಯ ಭೇಟಿಯನ್ನು ಸೃಷ್ಟಿಸಿತು. ಆ ಭೇಟಿಯಲ್ಲಿ ಏನೇನಿರಬೇಕೆಂದು ವಿವರಿಸುವ ನಿಯಮ ಬರೆಯುವುದು ಮೆಡಿಕೇರ್ ನಡೆಸುವ ಸಂಸ್ಥೆ ಸಿಎಂಎಸ್‌ನ ಕೆಲಸ. 2010ರ ನವೆಂಬರ್‌ನ ಅಂತಿಮ ನಿಯಮದಲ್ಲಿ ‘ಸ್ವಯಂಪ್ರೇರಿತ ಮುಂಗಡ ಆರೈಕೆ ಯೋಜನೆ’ಯೂ ಆ ಭೇಟಿಯ ಭಾಗ ಎಂದು ಸೇರಿಸಲಾಯಿತು. ಕಾಂಗ್ರೆಸ್ ಕೈಬಿಟ್ಟದ್ದನ್ನು ನಿಯಮ ತಂದುಕೊಟ್ಟಿತ್ತು. ಬ್ಲೂಮೆನಾವರ್ ಕಚೇರಿಯಿಂದ ಬೆಂಬಲಿಗರಿಗೆ, ಖುಷಿಯಾಗಿದೆ, ಆದರೆ ಈಗಲೇ ಡಂಗುರ ಹೊಡೆಯುವುದಿಲ್ಲ, ಗಂಡಾಂತರ ಇನ್ನೂ ಕಳೆದಿಲ್ಲ ಎಂಬರ್ಥದ ಸಂದೇಶ ಹೋಯಿತು. ಅದು ಕ್ರಿಸ್‌ಮಸ್ ಹೊತ್ತಿಗೆ ಪತ್ರಿಕೆಯಲ್ಲಿ ಬಂತು. 2011ರ ಜನವರಿ ಮೊದಲ ವಾರ ಸರ್ಕಾರ ಆ ಸಾಲನ್ನು ತೆಗೆದುಹಾಕಿತು.

ಕೊಟ್ಟ ಕಾರಣ ಕುತೂಹಲಕರ. ಬೇಸಿಗೆಯಲ್ಲಿ ಪ್ರಕಟಿಸಿದ ಕರಡಿನಲ್ಲಿ ಈ ಅಂಶ ಇರಲಿಲ್ಲ, ಆದ್ದರಿಂದ ಸಾರ್ವಜನಿಕರಿಗೆ ಅಭಿಪ್ರಾಯ ಹೇಳುವ ಅವಕಾಶ ಸಿಗಲಿಲ್ಲ ಎಂಬುದು. ಇದು ರಾಜಕೀಯ ಭಯಕ್ಕೆ ತೊಡಿಸಿದ ಅಂಗಿ ಎಂದು ಆಗ ಎಲ್ಲರೂ ನಕ್ಕರು. ಭಯವಿತ್ತು, ಅನುಮಾನವಿಲ್ಲ. ಆದರೆ ಕಾರಣವೂ ಸರಿಯಾಗಿಯೇ ಇತ್ತು. ಕರಡು ಪ್ರಕಟಿಸಬೇಕು, ಆಕ್ಷೇಪಣೆ ಕೇಳಬೇಕು, ಮುಖ್ಯವಾದವಕ್ಕೆ ಉತ್ತರ ಬರೆಯಬೇಕು, ಆಮೇಲೆ ಅಂತಿಮಗೊಳಿಸಬೇಕು: ಅಮೆರಿಕದ ಆಡಳಿತ ಕಾನೂನಿನ ಬೆನ್ನೆಲುಬು ಇದು. ಒಂದು ವರ್ಷ ಹಿಂದೆ ಇಡೀ ದೇಶ ಜಗಳವಾಡಿದ ವಿಷಯವನ್ನು ಯಾರಿಗೂ ಹೇಳದೆ ಅಂತಿಮ ನಿಯಮದಲ್ಲಿ ಸೇರಿಸಿದವರು ಸೋತದ್ದು ನ್ಯಾಯವೇ. ಉದ್ದೇಶ ಒಳ್ಳೆಯದಿದ್ದರೆ ವಿಧಾನ ಹೇಗಿದ್ದರೂ ನಡೆದೀತು ಎಂಬ ನಂಬಿಕೆ ವೈದ್ಯರಲ್ಲಿ ಹೆಚ್ಚು. ವಿಧಾನವನ್ನು ಕಡೆಗಣಿಸಿದ ನಿಯಮ ಮೊದಲ ಗಾಳಿಗೇ ಉರುಳುತ್ತದೆ ಎಂದು ಅವರಿಗೆ ಕಲಿಸುವುದು ಫೆಲೋಶಿಪ್‌ನ ಕಷ್ಟದ ಕೆಲಸಗಳಲ್ಲೊಂದು.

ಸರಿಯಾದ ಬಾಗಿಲು

ಮುಂದಿನ ಮೂರು-ನಾಲ್ಕು ವರ್ಷ ಮೇಲ್ನೋಟಕ್ಕೆ ಏನೂ ನಡೆಯಲಿಲ್ಲ. ಬ್ಲೂಮೆನಾವರ್ ಮತ್ತೆ ಮತ್ತೆ ಮಸೂದೆ ತಂದರು. ಐಸಾಕ್ಸನ್ ಮತ್ತು ವರ್ಜೀನಿಯಾದ ಡೆಮಾಕ್ರಟ್ ಮಾರ್ಕ್ ವಾರ್ನರ್ ಸೆನೆಟ್ಟಿನಲ್ಲಿ ಒಟ್ಟಿಗೆ ಒಂದನ್ನು ತಂದರು. ಯಾವುದೂ ದಾಟಲಿಲ್ಲ.

ಕೆಲಸ ನಡೆದದ್ದು ಯಾರೂ ನೋಡದ ಕಡೆ. ವೈದ್ಯರು ಬಿಲ್ಲಿಗೆ ಬಳಸುವ, ಸಿಪಿಟಿ ಎಂಬ ಕೋಡ್‌ಗಳ ಒಡೆತನ ಸರ್ಕಾರದ್ದಲ್ಲ, ಅಮೆರಿಕನ್ ವೈದ್ಯಕೀಯ ಸಂಘದ್ದು. ಹೊಸ ಕೋಡ್ ಬೇಕಾದರೆ ಆ ಸಂಘದ ಸಂಪಾದಕ ಮಂಡಳಿಗೆ ಅರ್ಜಿ ಹಾಕಬೇಕು. ಅಲ್ಲಿ ಒಪ್ಪಿದರೆ ಇನ್ನೊಂದು ಸಮಿತಿ, ಬೇರೆ ಬೇರೆ ವೈದ್ಯಕೀಯ ವಿಭಾಗಗಳ ಪ್ರತಿನಿಧಿಗಳು ಕೂತದ್ದು, ಆ ಕೆಲಸಕ್ಕೆ ಎಷ್ಟು ತೂಕ ಎಂದು ನಿಗದಿ ಮಾಡಿ ಸಿಎಂಎಸ್‌ಗೆ ಶಿಫಾರಸು ಕಳಿಸುತ್ತದೆ. 1992ರಿಂದ ಮೆಡಿಕೇರ್ ಶುಲ್ಕ ನಡೆಯುವುದು ಈ ತೂಕದ ಲೆಕ್ಕದ ಮೇಲೆ. ಜೊತೆಗೆ ಕಾನೂನಿನ ಒಂದು ಷರತ್ತಿದೆ: ವರ್ಷದ ಬದಲಾವಣೆಗಳಿಂದ ಒಟ್ಟು ಖರ್ಚು 2 ಕೋಟಿ ಡಾಲರ್‌ಗಿಂತ ಹೆಚ್ಚು ಏರುಪೇರಾಗುವಂತಿದ್ದರೆ ಉಳಿದ ಎಲ್ಲ ಶುಲ್ಕಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಬೇಕು. ಅಂದರೆ ಮಾತುಕತೆಗೆ ಕೊಡುವ ಹಣ ಎಲ್ಲೋ ಒಂದು ಸ್ಕ್ಯಾನ್‌ನಿಂದ, ಎಲ್ಲೋ ಒಂದು ಶಸ್ತ್ರಚಿಕಿತ್ಸೆಯಿಂದ ಚೂರು ಚೂರಾಗಿ ಬರಬೇಕು. ಶಸ್ತ್ರಚಿಕಿತ್ಸಕರೂ ಕೂತ ಮೇಜಿನಲ್ಲಿ ಮಾತಾಡುವ ಕೆಲಸಕ್ಕೆ ಬೆಲೆ ಕಟ್ಟಿಸುವುದು ಸುಲಭವಲ್ಲ. 99497ಕ್ಕೆ ಸಿಕ್ಕ ತೂಕ 1.50, ಮುಂದುವರಿದ ಅರ್ಧ ಗಂಟೆಗೆ 1.40.

ನಡುವೆ, 2014ರ ಸೆಪ್ಟೆಂಬರ್‌ನಲ್ಲಿ, ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಅಮೆರಿಕದಲ್ಲಿ ಸಾಯುವವರ ಆರೈಕೆಯ ಬಗ್ಗೆ ದೊಡ್ಡ ವರದಿ ತಂದಿತು. ಸಮಿತಿಯ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರು ವೈದ್ಯ ಫಿಲಿಪ್ ಪಿಜ್ಜೊ. ಇನ್ನೊಬ್ಬರು ಡೇವಿಡ್ ವಾಕರ್, ಕಾಂಗ್ರೆಸ್ಸಿನ ಲೆಕ್ಕಪರಿಶೋಧನಾ ಸಂಸ್ಥೆಯ ಮಾಜಿ ಮುಖ್ಯಸ್ಥ. ಈ ಜೋಡಿಯನ್ನು ಆರಿಸಿದ್ದು ಯಾರೇ ಇರಲಿ, ಅವರಿಗೆ ವಾಷಿಂಗ್ಟನ್ ಅರ್ಥವಾಗಿತ್ತು.

ಅದೇ ಅಕ್ಟೋಬರ್ ಕೊನೆಯಲ್ಲಿ 2015ರ ಶುಲ್ಕಪಟ್ಟಿ ಬಂತು. ಕೋಡ್‌ಗಳು ಸಿದ್ಧವಾಗಿದ್ದವು, ತೂಕವೂ ನಿಗದಿಯಾಗಿತ್ತು. ಸಿಎಂಎಸ್ ಹಣ ಕೊಡಲಿಲ್ಲ. ಸಾರ್ವಜನಿಕ ಅಭಿಪ್ರಾಯ ಕೇಳಿದ ಮೇಲೆ ಪರಿಗಣಿಸುತ್ತೇವೆ ಎಂದಿತು. ಹಲವರಿಗೆ ನಿರಾಸೆಯಾಯಿತು. ಇಡೀ ಪ್ರಕರಣದ ಅತ್ಯುತ್ತಮ ನಿರ್ಧಾರ ಇದೇ ಎಂದು ನನ್ನ ಎಣಿಕೆ. 2010ರಲ್ಲಿ ಬಿದ್ದ ಗುಂಡಿಯ ಪಕ್ಕದಲ್ಲೇ ಈ ಸಲ ನಿಧಾನವಾಗಿ ಹೆಜ್ಜೆ ಇಟ್ಟರು. 2015ರ ಜುಲೈನಲ್ಲಿ ಕರಡು ಪ್ರಕಟವಾಯಿತು. ವಿಷಯ ನೂರಾರು ಪುಟದ ಶುಲ್ಕಪಟ್ಟಿಯ ಒಳಗಿತ್ತು, ಬಚ್ಚಿಟ್ಟಿರಲಿಲ್ಲ, ಪತ್ರಿಕೆಗಳು ಬರೆದವು. ಆಕ್ಷೇಪಣೆಗೆ ಬೇಕಾದಷ್ಟು ಸಮಯವಿತ್ತು. ಸೆಪ್ಟೆಂಬರ್‌ನ ಕೈಸರ್ ಫ್ಯಾಮಿಲಿ ಫೌಂಡೇಶನ್ ಸಮೀಕ್ಷೆಯಲ್ಲಿ ಶೇ. 81 ಜನ ಮೆಡಿಕೇರ್ ಇದಕ್ಕೆ ಹಣ ಕೊಡಲಿ ಎಂದರು. ತಮ್ಮ ವೈದ್ಯರೊಡನೆ ಅಂಥ ಮಾತು ನಡೆದಿದೆ ಎಂದವರು ಶೇ. 17 ಮಾತ್ರ. ಅಕ್ಟೋಬರ್ 30ಕ್ಕೆ ಅಂತಿಮ ನಿಯಮ.

ಹಾಗಾದರೆ ‘ಡೆತ್ ಪ್ಯಾನೆಲ್’ ಎಲ್ಲಿ ಹೋಯಿತು? ಅದನ್ನು ಕೂಗಲು ವೇದಿಕೆ ಇರಲಿಲ್ಲ. ಮಸೂದೆಗೆ ಮತ ಹಾಕುವ ಸದಸ್ಯನಿಗೆ ಊರಿನ ಸಭೆಯಲ್ಲಿ ಉತ್ತರ ಹೇಳಬೇಕಾಗುತ್ತದೆ. ಶುಲ್ಕಪಟ್ಟಿಯ ಮೇಲೆ ಯಾರೂ ಮತ ಹಾಕುವುದಿಲ್ಲ. ಇದರಲ್ಲಿ ಪ್ರಜಾಪ್ರಭುತ್ವದ ಮಟ್ಟಿಗೆ ಮುಜುಗರದ ಅಂಶವೂ ಇದೆ, ಫೆಲೋಶಿಪ್‌ಗಳ ಉತ್ಸಾಹಿಗಳು ಅದನ್ನು ಬೇಗ ಮರೆಯುತ್ತಾರೆ. ಸದ್ದಿಲ್ಲದ ಬಾಗಿಲು ಗೊತ್ತಿರುವವರು ವೃದ್ಧಾರೋಗ್ಯ ತಜ್ಞರು ಮಾತ್ರವಲ್ಲ. ಔಷಧ ಕಂಪನಿಗಳ, ನರ್ಸಿಂಗ್ ಹೋಮ್ ಸರಪಳಿಗಳ ಪ್ರತಿನಿಧಿಗಳಿಗೆ ಅದು ಬಹಳ ಹಿಂದಿನಿಂದ ಗೊತ್ತು. ಅವರ ಎದುರು ಹಾಸಿಗೆ ಪಕ್ಕದ ಅನುಭವವಿರುವ ಕೆಲವರಾದರೂ ಇರಲಿ ಎಂಬುದು ಫೆಲೋಶಿಪ್‌ನ ಪರವಾಗಿ ಹೇಳಬಹುದಾದ ಗಟ್ಟಿ ಮಾತು. ಅದಕ್ಕಿಂತ ದೊಡ್ಡ ಮಾತು ಬೇಡ.

ಕೋಡ್ ಬಂದ ಮೇಲೆ

2016ರಲ್ಲಿ ಸುಮಾರು 5,75,000 ಮೆಡಿಕೇರ್ ಫಲಾನುಭವಿಗಳು ಈ ಮಾತುಕತೆಯಲ್ಲಿ ಪಾಲ್ಗೊಂಡರು, ಸುಮಾರು 23,000 ವೈದ್ಯರು ಮತ್ತಿತರ ಅರ್ಹ ವೃತ್ತಿಪರರು ಬಿಲ್ ಕಳಿಸಿದರು. ವೈದ್ಯಕೀಯ ಸಂಘದ ಅಂದಾಜಿಗಿಂತ ಇದು ಹೆಚ್ಚು. ಆದರೆ ಆಗ ಮೆಡಿಕೇರ್‌ನಲ್ಲಿದ್ದವರು ಐದೂವರೆ ಕೋಟಿಗೂ ಮೇಲೆ. ಲೆಕ್ಕ ಹಾಕಿದರೆ ನೂರಕ್ಕೆ ಒಬ್ಬರು. ಹಣದ ಕೊರತೆಯೇ ಮುಖ್ಯ ಅಡ್ಡಿಯಾಗಿದ್ದರೆ ಇಷ್ಟು ಕಡಿಮೆ ಇರುತ್ತಿರಲಿಲ್ಲ. ಹೇಗೆ ಮಾತು ಶುರುಮಾಡಬೇಕೆಂದು ತಿಳಿಯದ ವೈದ್ಯರಿಗೆ 86 ಡಾಲರ್ ಅದನ್ನು ಕಲಿಸುವುದಿಲ್ಲ. ಕಲಿಸುವುದಕ್ಕೆಂದೇ ಉಪಶಮನ ಆರೈಕೆಯ ಶಿಕ್ಷಣಕ್ಕೆ ಅನುದಾನ ಕೊಡುವ ಮಸೂದೆಯೊಂದು ಕೆಳಮನೆಯಲ್ಲಿ 2018ರಲ್ಲೂ 2019ರಲ್ಲೂ ಅಂಗೀಕಾರವಾಯಿತು, ಎರಡು ಸಲವೂ ಸೆನೆಟ್ಟಿನಲ್ಲಿ ನಿಂತಿತು.

ಇದಕ್ಕಿಂತ ದೊಡ್ಡ ಪೆಟ್ಟು ಒಳಗಿನಿಂದಲೇ ಬಂತು. 2021ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಶಾನ್ ಮಾರಿಸನ್, ಡಯೇನ್ ಮಯರ್, ರಾಬರ್ಟ್ ಆರ್ನಲ್ಡ್ ಸೇರಿ ಮುಂಗಡ ಆರೈಕೆ ಯೋಜನೆಯಲ್ಲಿ ಏನು ತಪ್ಪಿದೆ ಎಂದು ಬರೆದರು. ವರ್ಷಗಳ ಮೊದಲೇ ಮಾಡಿದ ಊಹೆಯ ಆಯ್ಕೆಗಳು, ನಿಜವಾದ ಕಾಯಿಲೆ ಬಂದಾಗ ನಡೆಯುವ ಚಿಕಿತ್ಸೆಯನ್ನು ಬದಲಿಸುತ್ತವೆ ಎಂಬುದಕ್ಕೆ ಸಂಶೋಧನೆಯ ಬೆಂಬಲ ಸಾಲದು. ಪರವಾಗಿ ನಿರ್ಧರಿಸುವವರನ್ನು ಹೆಸರಿಸುವುದಕ್ಕೆ ಮತ್ತು ಆ ಹೊತ್ತಿನ ನಿರ್ಧಾರವನ್ನು ಚೆನ್ನಾಗಿ ನಡೆಸುವುದಕ್ಕೆ ಗಮನ ಕೊಡಬೇಕು ಎಂಬುದು ಅವರ ವಾದ. ಇದಕ್ಕೆ ತೀವ್ರ ಪ್ರತಿಕ್ರಿಯೆಗಳೂ ಬಂದವು, ಚರ್ಚೆ ನಿಂತಿಲ್ಲ. ದಶಕದ ಹಿಂದೆ ವಾಷಿಂಗ್ಟನ್ನಿನ ಕೋಣೆಯಲ್ಲಿ ಫೆಲೋ ಆಗಿದ್ದವರ ಹೆಸರು ಈ ಲೇಖನದ ಮೇಲಿದೆ ಎಂಬುದು ನನಗೆ ಇಷ್ಟವಾದ ಸಂಗತಿ. ದಾರಿ ಕಲಿಯುವುದು ಒಂದು ವಿದ್ಯೆ, ಆ ದಾರಿಯಲ್ಲಿ ಸಾಗಿಸಿದ ಸರಕು ಸರಿಯಿದೆಯೇ ಎಂದು ಮತ್ತೆ ನೋಡುವುದು ಬೇರೆಯೇ ವಿದ್ಯೆ. ಎರಡನೆಯದನ್ನು ಯಾವ ಫೆಲೋಶಿಪ್ ಕೂಡ ಒಂದು ವರ್ಷದಲ್ಲಿ ಕಲಿಸಿಕೊಡಲಾರದು.

2022ರಲ್ಲಿ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ ತಪಾಸಣೆಯಲ್ಲಿ, ಎಷ್ಟು ಹೊತ್ತು ಮಾತಾಡಿದರು ಎಂದು ಕಡತದಲ್ಲಿ ಬರೆಯದೆಯೇ ಕಳಿಸಿದ ಬಿಲ್‌ಗಳು ಬಹಳ ಸಿಕ್ಕವು. ಸಮಯ ಲೆಕ್ಕ ಹಾಕಿ ಹಣ ಕೊಡುವ ಕೋಡ್‌ಗೆ ಇದು ಬರಲೇಬೇಕಾದ ತೊಂದರೆ. ನಿಯಮದ ಪ್ರಕಾರ ಮೊದಲ ಕೋಡ್‌ಗೆ ಕನಿಷ್ಠ 16 ನಿಮಿಷ ಬೇಕು.

ರೋಗಿಯ ಕಡೆಯಿಂದ ನೋಡಿದರೆ ಇನ್ನೊಂದು ಕೊಕ್ಕೆ ಉಳಿದಿದೆ. ವಾರ್ಷಿಕ ಆರೋಗ್ಯ ಭೇಟಿಯ ಜೊತೆಗೆ ಈ ಮಾತು ನಡೆದರೆ ರೋಗಿ ಏನೂ ಕೊಡಬೇಕಿಲ್ಲ. ಬೇರೆ ದಿನ ನಡೆದರೆ ಶುಲ್ಕದ ಶೇ. 20 ರೋಗಿಯ ಪಾಲು. ಹೊಸದಾಗಿ ಕ್ಯಾನ್ಸರ್ ಪತ್ತೆಯಾದವರು, ಹೃದಯ ಸೋತು ಆಸ್ಪತ್ರೆಯಿಂದ ಮರಳಿದವರು, ಅಂದರೆ ಈ ಮಾತು ನಿಜಕ್ಕೂ ಬೇಕಾದವರು, ವಾರ್ಷಿಕ ಭೇಟಿಗೆ ಕಾಯುತ್ತಾ ಕೂರುವುದಿಲ್ಲ. ಬಿಲ್ ಬರುವುದು ಅವರಿಗೇ. ಹಣ ಮತ್ತು ಸಾವು ಮತ್ತೆ ಒಂದೇ ಲಕೋಟೆಯಲ್ಲಿ. ಈ ಪಾಲನ್ನು ಮನ್ನಾ ಮಾಡಲು ಶುಲ್ಕಪಟ್ಟಿಯ ಬಾಗಿಲು ಸಾಲದು, ಕಾನೂನನ್ನೇ ತಿದ್ದಬೇಕು; ಅದು ಫೈನಾನ್ಸ್ ಮತ್ತು ವೇಸ್ ಆ್ಯಂಡ್ ಮೀನ್ಸ್ ಸಮಿತಿಗಳನ್ನು ದಾಟದೆ ಆಗದು. ಮನ್ನಾದಿಂದ ಹತ್ತು ವರ್ಷದಲ್ಲಿ ಎಷ್ಟು ಖರ್ಚು ಎಂದು ಕಾಂಗ್ರೆಸ್ಸಿನ ಬಜೆಟ್ ಕಚೇರಿ ಮೊದಲು ಲೆಕ್ಕ ಕೊಡಬೇಕು.